ಡಬ್ಬಿ ನೋಡಾಕ ಬಂದವರು

ಹೂವಿನಹಡಗಲಿ ಸೀಮೆಯಲ್ಲಿ ಮಳೆಗೆ ಬರ ಬಂದದ್ದುಂಟು, ಅಭಿಪ್ರಾಯಕ್ಕೆ ಬಂದದ್ದಿಲ್ಲ. ಹೊಲದಲ್ಲಿ ಬೋರ್ ಹಾಕಿಸುತ್ತೇನೆ ಎಂದು ಬಾಯಿ ಬಿಟ್ಟರೆ ಸಾಕು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡವರು, ಬೇವಿನ ಕವಲುಕಡ್ಡಿ ಹಿಡಿದವರು, ಏನೂ ಹಿಡಿಯದೆ ಬರಿಗಣ್ಣಲ್ಲೇ ನೀರು ಕಂಡವರು ಸಾಲುಗಟ್ಟುತ್ತಾರೆ. ಮನೆ ಕಟ್ಟಿಸಿದರೆ ಬಚ್ಚಲು ಯಾವ ದಿಕ್ಕಿಗಿರಬೇಕೆಂದು ಹೇಳಲು ಬಾಡಿಗೆ ಮನೆಯವರೇ ಮುಂದು. ಈಗ ಈ ಪರಿಣತರಿಗೆ ಹೊಸ ಸರಕು ಸಿಕ್ಕಿದೆ: ಮನೆಯಲ್ಲೇ ಜೋಡಿಸಿದ ಗೇಮಿಂಗ್ ಕಂಪ್ಯೂಟರ್.

ಜೋಡಿಸಿದವನು ನನ್ನ ಅಣ್ಣನ ಮಗ, ಡಿಗ್ರಿ ಕೊನೆಯ ವರ್ಷದವನು. ನಸುಕಿನಲ್ಲಿ ಎದ್ದು ಅಪ್ಪನ ತೋಟದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸಿ, ಸಂಜೆ ಮೊಬೈಲ್ ಅಂಗಡಿಯಲ್ಲಿ ಒಡೆದ ಡಿಸ್‌ಪ್ಲೇ ಬದಲಿಸಿ ಕೂಡಿಟ್ಟ ದುಡ್ಡು. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಎಸ್‌.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಪ್ರತಿ ಹೊಸ ಬಿಡಿಭಾಗಕ್ಕೂ ಶೇ. 18ರ ಜಿಎಸ್‌ಟಿ ತೆತ್ತು ತಂದ. ಆರು ಕೋರಿನ ರೈಜನ್ 5 5600 ಪ್ರೊಸೆಸರ್, ಒಂದು ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ, ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್, 550 ವ್ಯಾಟಿನ ಪವರ್ ಸಪ್ಲೈ, ಒಂದು ಬದಿಗೆ ಗಾಜಿದ್ದ ಕ್ಯಾಬಿನೆಟ್. ಮಾನಿಟರ್ ಬಿಟ್ಟು 35 ಸಾವಿರ ಚಿಲ್ಲರೆ. ಮಂಚದ ಮೇಲೆ ಹಳೇ ಪಂಚೆ ಹಾಸಿ, ಒಂದೇ ಸ್ಕ್ರೂಡ್ರೈವರಿನಲ್ಲಿ ಎಲ್ಲವನ್ನೂ ಜೋಡಿಸಿದ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಸಂಭ್ರಮ ತಡೆಯಲಾರದೆ ಓಣಿಯವರಿಗೆ, "ಹೆಂಗಾಗೈತಿ, ನೋಡಿ ಹೇಳ್ರಿ" ಅಂದುಬಿಟ್ಟ.

ನೋಡಲು ಬಂದವರಲ್ಲಿ ಹೆಚ್ಚಿನವರು ಕೂತು ಹೇಳಿದರು, ನೋಡಲಿಲ್ಲ.

ಗುಂಡಿ ಒತ್ತಿದಾಗ ಫ್ಯಾನು ತಿರುಗಿದವು, ಕೆಂಪು ನೀಲಿ ಲೈಟು ಹತ್ತಿದವು, ಮಾನಿಟರ್ ಮಾತ್ರ ಕಪ್ಪಗೇ ಉಳಿಯಿತು. ತೀರ್ಪುಗಳು ಮಂಡಕ್ಕಿ ಮಿರ್ಚಿಯ ಜೊತೆಗೇ ಬಂದವು. "ಅಮಾಸಿ ದಿನ ಜೋಡಿಸಿದ್ರ ಇನ್ನೇನಾಗತೈತಿ?" ಎಂದರು ಒಬ್ಬರು. ಗೊಬ್ಬರದ ಅಂಗಡಿಯವರು ಮೂಸಿ ನೋಡಿ, "ಬೋರ್ಡ್ ಸುಟ್ಟೈತಿ ಬಿಡು, ವಾಸನಿ ಬರಾಕ ಹತ್ತೈತಿ" ಎಂದರು. ವಾಸನೆ ಅವರ ಕೈಯಲ್ಲಿದ್ದ ಮಿರ್ಚಿಯದು. ಇನ್ನೊಬ್ಬರಿಗೆ ಕ್ಯಾಬಿನೆಟ್ಟಿನ ಮುಖ ದಕ್ಷಿಣಕ್ಕಿದ್ದದ್ದು ಕಂಡಿತು. ಆದದ್ದು ಇಷ್ಟೇ: ಹುಡುಗ ಮಾನಿಟರಿನ ಎಚ್‌ಡಿಎಂಐ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿಗೆ ಚುಚ್ಚಿದ್ದ. 5600 ಪ್ರೊಸೆಸರಿನೊಳಗೆ ಚಿತ್ರ ಮೂಡಿಸುವ ಭಾಗವೇ ಇಲ್ಲ. ಅದು ಬೇಕಿದ್ದರೆ ಹೆಸರಿನ ಕೊನೆಗೆ 'ಜಿ' ಅಕ್ಷರವಿರುವ 5600ಜಿ ತರಬೇಕಿತ್ತು. ಕೇಬಲ್ ಕಿತ್ತು ಅರ್ಧ ಗೇಣು ಕೆಳಗೆ ಚುಚ್ಚಿದ, ಬೆಳಕಾಯಿತು. ಅಮಾವಾಸ್ಯೆಯವರು ಗಡಿಯಾರ ನೋಡಿ, "ನೋಡು, ಪಾಡ್ಯ ಬಿತ್ತು" ಎಂದು ಎದ್ದು ಹೋದರು.

ನಮ್ಮ ತಾಲ್ಲೂಕಿಗೆ ಈ ವಿದ್ಯೆ ಹೊಸದಲ್ಲ. ಭರತ ಹುಣ್ಣಿಮೆ ಕಳೆದ ಮೇಲೆ ಮೈಲಾರದ ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಅಷ್ಟು ದೊಡ್ಡ ಜಾತ್ರೆ ಉಸಿರು ಹಿಡಿಯುತ್ತದೆ. ಒಂದೇ ಸಾಲಿನ ಭವಿಷ್ಯವಾಣಿ, ಅಂದರೆ ಕಾರಣಿಕ, ಕೊನೆಗೆ 'ಪರಾಕ್', ಅಲ್ಲಿಂದ ಕೆಳಗೆ. ಆಮೇಲೆ ಶುರುವಾಗುತ್ತದೆ ನಿಜವಾದ ಜಾತ್ರೆ. ರೈತನಿಗೆ ಅದರಲ್ಲಿ ಮಳೆ ಕಾಣುತ್ತದೆ, ವ್ಯಾಪಾರಿಗೆ ಮೆಕ್ಕೆಜೋಳದ ರೇಟು ಕಾಣುತ್ತದೆ, ಟಿವಿಯವರಿಗೆ ಮುಖ್ಯಮಂತ್ರಿಯ ಕುರ್ಚಿ ಅಲುಗಾಡುವುದು ಕಾಣುತ್ತದೆ. ನಮ್ಮ ಅಭಿಪ್ರಾಯ ಪಂಡಿತರಿಗೂ ಗೊರವಯ್ಯನಿಗೂ ಒಂದೇ ವ್ಯತ್ಯಾಸ: ಆತ ದಿನಗಟ್ಟಲೆ ಉಪವಾಸವಿದ್ದು ಒಂದು ಸಾಲು ನುಡಿಯುತ್ತಾನೆ, ಇವರು ಎರಡು ಪ್ಲೇಟ್ ಮಂಡಕ್ಕಿ ಮುಗಿಸಿ ಮಧ್ಯಾಹ್ನವಿಡೀ ನುಡಿಯುತ್ತಾರೆ. 'ಸದ್ದಲೇ' ಎನ್ನುವವರೂ ಇಲ್ಲಿಲ್ಲ.

ನೈತಿಕ ವಿಭಾಗದ ಮುಖ್ಯಸ್ಥರು ನಮ್ಮ ದೂರದ ಮಾವ. ಬಾಗಿಲಲ್ಲೇ ನಿಂತು, "ಗೇಮ್ ಆಡೋದು ಕೇಂದ್ರದವ್ರು ಬ್ಯಾನ್ ಮಾಡ್ಯಾರಂತಲ್ಲೋ? ಮನಿಗೆ ಪೊಲೀಸ್ರು ಬಂದ್ರ ಯಾರು ಬಿಡಿಸ್ಕೊಂಡು ಬರ್ತಾರ?" ಎಂದು ವಿಚಾರಣೆ ಆರಂಭಿಸಿದರು. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾನೂನು ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿದೆ. ಹುಡುಗ ಆಡಲು ಹೊರಟದ್ದು 2013ರಲ್ಲಿ ಮೊದಲು ಬಂದ ಜಿಟಿಎ 5. ಅದರಲ್ಲಿ ಕಾರು ಕದಿಯಬಹುದು, ಮನೆಯ ದುಡ್ಡು ಕಳೆಯಲಾಗುವುದಿಲ್ಲ. ಇದನ್ನೆಲ್ಲ ವಿವರಿಸುವ ಹೊತ್ತಿಗೆ ಮಾವನ ಮೊಬೈಲಿಗೆ ಫೋನ್ ಬಂತು. ಅಂಗಳಕ್ಕಿಳಿದು ದನಿ ತಗ್ಗಿಸಿ, "ಓಪನ್ ಏನ್ ಬಂತು? ಕ್ಲೋಸ್‌ಗೆ ಏಳು ಹಿಡಿ" ಎಂದರು. ಓಸಿ, ಅಂದರೆ ಮಟ್ಕಾ ಚೀಟಿ ಬರೆಸುವುದು ಆಟವಲ್ಲ, ಅದು ಲೆಕ್ಕಾಚಾರ. ವಾಪಸ್ ಒಳಗೆ ಬಂದು, "ಈಗಿನ ಹುಡುಗ್ರು ಹಾಳಾಗಾಕ ಇದ ಸಾಕು ನೋಡ್ರಿ" ಎಂದು ಮಾತು ಮುಗಿಸಿದರು.

ಗ್ರಾಫಿಕ್ಸ್ ಕಾರ್ಡಿನ ವಿಚಾರಣೆ ಇನ್ನೂ ಚೆನ್ನಾಗಿತ್ತು. ಅದು ಆರ್‌ಎಕ್ಸ್ 580, 2017ರಲ್ಲಿ ಬಿಡುಗಡೆಯಾದದ್ದು. ಎಥೀರಿಯಮ್ ಎಂಬ ಕ್ರಿಪ್ಟೊ ಹಣವನ್ನು ಹೆಕ್ಕಲು ಜಗತ್ತಿನಾದ್ಯಂತ ಇಂಥ ಕಾರ್ಡುಗಳನ್ನು ಹಗಲಿರುಳು ದುಡಿಸಿದರು. 2021ರಲ್ಲಿ ಹೊಸ ಕಾರ್ಡುಗಳು ಕಂಪನಿ ಹೇಳಿದ ಬೆಲೆಗೆ ಎಲ್ಲೂ ಸಿಗದಂತಾದದ್ದಕ್ಕೆ ಅದೂ ಒಂದು ದೊಡ್ಡ ಕಾರಣ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಮ್ ತನ್ನ ಪದ್ಧತಿಯನ್ನೇ ಬದಲಿಸಿತು, ಒಂದೇ ದಿನದಲ್ಲಿ ಆ ಗಣಿಗಾರಿಕೆ ನಿಂತಿತು, ದುಡಿದು ಸವೆದ ಕಾರ್ಡುಗಳು ರಾಶಿ ರಾಶಿಯಾಗಿ ಹಳೇ ಸಾಮಾನಿನ ಪೇಟೆಗೆ ಬಂದವು. ಹುಡುಗ ಇದನ್ನು ಪ್ರಾಮಾಣಿಕವಾಗಿ, "ಇದು ಮೈನಿಂಗ್ ಕಾರ್ಡ್ ಕಾಕಾ, ಅದಕ್ಕ ಅಗ್ಗ ಸಿಕ್ತು" ಎಂದ. ಪಕ್ಕದಲ್ಲಿದ್ದ ಹಿರಿಯರ ಕಿವಿ ನೆಟ್ಟಗಾಯಿತು. "ಮೈನಿಂಗಾ? ಸಂಡೂರಿಂದಾ, ಹೊಸಪೇಟಿದಾ?"

ನಗಬೇಡಿ. 2021ರವರೆಗೆ ನಾವು ಬಳ್ಳಾರಿ ಜಿಲ್ಲೆಯವರೇ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಂತಿಮ ವರದಿ ಬಂದದ್ದು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು ಎರಡೂ 2011ರ ಜುಲೈನಲ್ಲಿ. ಗಣಿ ನಿಂತ ದಿನ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿದವರಿಗೆ, ಗಣಿ ನಿಂತರೆ ಅದರ ಸಲಕರಣೆ ಅಗ್ಗವಾಗುತ್ತದೆ ಎಂಬುದನ್ನು ಯಾರೂ ಕಲಿಸಬೇಕಿಲ್ಲ. ಹಿರಿಯರು ಕೇಳಿದ ಮುಂದಿನ ಪ್ರಶ್ನೆ ಸೆಕೆಂಡ್ ಹ್ಯಾಂಡ್ ಟಿಪ್ಪರ್ ಕೊಳ್ಳುವವನ ಪ್ರಶ್ನೆ: "ಎಷ್ಟು ತಾಸು ಓಡೈತಿ? ಬೇರಿಂಗ್ ಸಪ್ಪಳ ಬರ್ತೈತೇನು?" ಆಶ್ಚರ್ಯವೆಂದರೆ ಆ ಕಾರ್ಡಿಗೆ ಕೇಳಬೇಕಾದದ್ದು ಅದನ್ನೇ. ಗಣಿಯಲ್ಲಿ ದುಡಿದ ಕಾರ್ಡಿನಲ್ಲಿ ಮೊದಲು ಸಾಯುವುದು ಫ್ಯಾನಿನ ಬೇರಿಂಗು, ಆಮೇಲೆ ಒಣಗುವುದು ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್. ಆದರೆ ಅವರು ಉತ್ತರಕ್ಕೆ ಕಾಯಲಿಲ್ಲ, ಚಹಾ ಬಂತು.

ದಸರಾ ರಜೆಗೆ ಬಂದ ಬೆಂಗಳೂರಿನ ನೆಂಟನದು ಬೇರೆಯೇ ಮಟ್ಟ. ಸಾಫ್ಟ್‌ವೇರಿನವನು, ಓಣಿಯ ಮಾನದಂಡದಲ್ಲಿ ಕಂಪ್ಯೂಟರಿನ ಪೀಠಾಧಿಪತಿ. ತಾನು ಲಕ್ಷ ಮೀರಿದ ಗೇಮಿಂಗ್ ಲ್ಯಾಪ್‌ಟಾಪಿನವನು. ಹುಡುಗನ ಡಬ್ಬಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬಾಟಲ್‌ನೆಕ್ ಇದೆ" ಎಂದ. ಎಲ್ಲಿ ಎಂದು ಕೇಳಿದರೆ, "ಓವರಾಲ್ ಆಗಿ" ಎಂದ. ಆಮೇಲೆ ಬಿಸಿಯ ವಿಷಯಕ್ಕೆ ಬಂದ: ಏನೂ ಆಡದೆ ಸುಮ್ಮನಿದ್ದಾಗ ಪ್ರೊಸೆಸರ್ 35 ಡಿಗ್ರಿ ದಾಟಬಾರದಂತೆ, ದಾಟಿದರೆ ಜೋಡಿಸಿದವನ ತಪ್ಪಂತೆ.

ಇದಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಬೆಂಗಳೂರಿನಿಂದ ನಮಗೆ ಬರುವ ಬಹುಪಾಲು ಸಲಹೆಗಳ ಗುಣ ಇದರಲ್ಲಿದೆ. ಗಾಳಿಯಿಂದ ತಂಪು ಮಾಡುವ ಕೂಲರ್ ಎಷ್ಟೇ ದುಬಾರಿಯದಾದರೂ, ಕೋಣೆಯ ಗಾಳಿಗಿಂತ ಚಿಪ್ಪನ್ನು ತಂಪಾಗಿಸಲು ಅದರಿಂದ ಸಾಧ್ಯವಿಲ್ಲ. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ ತಗಡಿನ ಶೀಟಿನ ಕೆಳಗೆ ಕೋಣೆಯೇ 38, 40 ಡಿಗ್ರಿ. ಅಲ್ಲಿ ಪ್ರೊಸೆಸರ್ 35ರಲ್ಲಿರಬೇಕಾದರೆ ಭೌತಶಾಸ್ತ್ರವೇ ಹಡಗಲಿ ಬಿಟ್ಟು ಊಟಿಗೆ ಹೋಗಬೇಕು. ಆ 5600ಕ್ಕೆ ಕಂಪನಿ ಕೊಟ್ಟ ಮಿತಿ 90 ಡಿಗ್ರಿ. ಹುಡುಗನದು ಆಟದ ನಡುವೆ 78 ತೋರಿಸುತ್ತಿತ್ತು, ಬಿಸಿಲೂರಿನಲ್ಲಿ ಇದಕ್ಕೆ ಬೆನ್ನು ತಟ್ಟಬೇಕು. ಆದರೆ ಎ.ಸಿ. ಕೋಣೆಯಲ್ಲಿ ಅಳೆದ ಸಂಖ್ಯೆಯನ್ನು ತಂದು ತಗಡಿನ ಮನೆಗೆ ಅನ್ವಯಿಸಿ, ಅದು ಹೊಂದದ್ದಕ್ಕೆ ಮನೆಯವನನ್ನು ಬಯ್ಯುವುದು ರಾಜಧಾನಿಯ ಹಳೇ ಚಾಳಿ. ನೀರಾವರಿ ಯೋಜನೆಯಿಂದ ಶಾಲೆಯ ಪಾಠದವರೆಗೆ ಅದನ್ನೇ ಮಾಡುತ್ತ ಬಂದಿದೆ, ಕಂಪ್ಯೂಟರನ್ನು ಏಕೆ ಬಿಟ್ಟೀತು?

ಅಂದು ರಾತ್ರಿ ಆ ನೆಂಟ ತನ್ನ ಲ್ಯಾಪ್‌ಟಾಪ್ ತೆರೆದು, "144 ಹರ್ಟ್ಸ್ ಅಂದ್ರೆ ಹೇಗಿರುತ್ತೆ ನೋಡು" ಎಂದು ತೋರಿಸಿದ. ಹುಡುಗ ಮೌಸ್ ತೆಗೆದುಕೊಂಡು ಸೆಟ್ಟಿಂಗ್ಸಿಗೆ ಹೋದ. ಕೊಂಡಂದಿನಿಂದ ಅದು 60ರಲ್ಲೇ ಕೂತಿತ್ತು. ಮಾತಾಡದೆ 144ಕ್ಕೆ ಇಟ್ಟು ವಾಪಸ್ ಕೊಟ್ಟ. "ಅಪ್‌ಡೇಟ್ ಆಗಿದ್ದಾಗ ಬದಲಾಗಿರಬೇಕು" ಎಂದ ಪೀಠಾಧಿಪತಿ.

ಬೆಂಗಳೂರನ್ನೊಂದೇ ಬಯ್ದರೆ ತಪ್ಪಾದೀತು. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ದಿ ವರ್ಜ್ ಎಂಬ ದೊಡ್ಡ ತಂತ್ರಜ್ಞಾನ ಸುದ್ದಿತಾಣ, ಗೇಮಿಂಗ್ ಕಂಪ್ಯೂಟರ್ ಜೋಡಿಸುವುದು ಹೇಗೆಂದು ಜಗತ್ತಿಗೆ ಕಲಿಸಲು ವಿಡಿಯೊ ಮಾಡಿತು. ಕೂಲರಿಗೆ ಕಂಪನಿಯವರೇ ಪೇಸ್ಟ್ ಹಚ್ಚಿ ಕಳಿಸಿದ್ದರೂ ಪ್ರೊಸೆಸರಿಗೆ ಮತ್ತಷ್ಟು ಪೇಸ್ಟ್ ಮೆತ್ತಿದ್ದೂ ಸೇರಿ, ತಪ್ಪುಗಳ ಮೆರವಣಿಗೆಯೇ ಅದರಲ್ಲಿತ್ತು. ಜಗತ್ತು ನಕ್ಕಿತು, ವಿಡಿಯೊ ಮಾಯವಾಯಿತು. 2019ರ ಫೆಬ್ರವರಿಯಲ್ಲಿ ಅದನ್ನು ಟೀಕಿಸಿದ ಇಬ್ಬರ ವಿಡಿಯೊಗಳ ಮೇಲೆ ಕಾಪಿರೈಟ್ ದೂರು ಬಿತ್ತು, ಗದ್ದಲವೆದ್ದ ಮೇಲೆ ಅದು ವಾಪಸಾಯಿತು. ನಮ್ಮ ಗೊಬ್ಬರದ ಅಂಗಡಿಯವರು ಕನಿಷ್ಠ ಯಾರ ಮೇಲೂ ದೂರು ಕೊಡಲಿಲ್ಲ.

ಇಷ್ಟು ಜನರ ನಡುವೆ ಅಳೆದು ಮಾತಾಡಿದವರು ಇಬ್ಬರೇ. ಮೊದಲನೆಯವರು ಹುಡುಗನ ಅವ್ವ, ನನ್ನ ಅತ್ತಿಗೆ. ಗೇಮು, ಗ್ರಾಫಿಕ್ಸು, ಬಾಟಲ್‌ನೆಕ್ಕು ಯಾವುದೂ ಆಕೆಗೆ ಬೇಕಾಗಿರಲಿಲ್ಲ. "ತಾಸಿಗೆ ಎಷ್ಟು ಯೂನಿಟ್ ತಿಂತೈತಿ?" ಎಂದಳು. ಗೃಹಜ್ಯೋತಿ ಬಂದ 2023ರಿಂದ ಪ್ರತಿ ಮನೆಯಲ್ಲೂ ಒಬ್ಬಳು ಇಂಧನ ಇಲಾಖೆಯ ಕಾರ್ಯದರ್ಶಿ ಹುಟ್ಟಿದ್ದಾಳೆ. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂದು ಭಾಷಣ ಕೇಳಿದವರು ನಂಬಿದರು, ಬಿಲ್ಲು ಓದುವವರಿಗೆ ಗೊತ್ತಿದೆ: ಹಳೆಯ ಸರಾಸರಿಗೆ ಒಂದಿಷ್ಟು ಸೇರಿಸಿದಷ್ಟು ಮಾತ್ರ ಉಚಿತ, ಅದನ್ನು ಮೀರಿದ್ದಕ್ಕೆ ದುಡ್ಡು, 200 ದಾಟಿದರೆ ಇಡೀ ಬಿಲ್ಲು ತಲೆ ಮೇಲೆ. ಆಟ ಆಡುವಾಗ ಡಬ್ಬಿ ಮತ್ತು ಮಾನಿಟರ್ ಸೇರಿ ಸುಮಾರು 300 ವ್ಯಾಟ್. ದಿನಕ್ಕೆ ನಾಲ್ಕು ತಾಸಾದರೆ 1.2 ಯೂನಿಟ್, ತಿಂಗಳಿಗೆ 36. ಅತ್ತಿಗೆ ಹಳೆಯ ಬಿಲ್ಲುಗಳನ್ನು ತೆಗೆದು ಕೂಡಿಸಿ ಕಳೆದು, "ಎರಡು ತಾಸು" ಎಂದು ಆದೇಶ ಹೊರಡಿಸಿದಳು. ಅದರ ಮೇಲೆ ಮೇಲ್ಮನವಿ ಇಲ್ಲ. ಹುಡುಗನ ಅಪ್ಪ, ನನ್ನ ಅಣ್ಣ, ಒಂದೇ ಮಾತು ಕೇಳಿದ್ದು, "ಇದು ತಿರುಗಿ ಮಾರಿದ್ರ ಎಷ್ಟಕ್ಕ ಹೋಗತೈತಿ?" ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದ್ದರೂ ಮಧ್ಯಾಹ್ನದೊಳಗೆ ಮಾರದಿದ್ದರೆ ಮೂರು ಕಾಸಿನದಲ್ಲ ಎಂದು ಕಂಡವನು. ಅವನ ಪ್ರಶ್ನೆಯಲ್ಲಿ ಕೊಂಕಿಲ್ಲ.

ಎರಡನೆಯವರು ಬಂದದ್ದು ಕಂಪ್ಯೂಟರ್ ನೋಡಲಲ್ಲ. ಮೋಟಾರ್ ರಿವೈಂಡಿಂಗ್ ಮಾಡುವವರು, ತೋಟದ ಪಂಪಿನ ಮೋಟಾರ್ ಕಟ್ಟಿಕೊಟ್ಟು ದುಡ್ಡು ಕೇಳಲು ಬಂದಿದ್ದರು. ಬೆರಳ ತುಂಬ ವಾರ್ನಿಷ್ ಕಲೆ. ಅದೇ ಹೊತ್ತಿಗೆ ಮನೆಯಲ್ಲಿ ಹೊಸ ಚರ್ಚೆ ನಡೆದಿತ್ತು. ಕ್ಯಾಬಿನೆಟ್ಟಿನ ತಗಡಿಗೆ ಕೈ ತಾಗಿದರೆ ಜುಂ ಎನ್ನುತ್ತದೆ. ಒಬ್ಬರು ಚಪ್ಪಲಿ ಹಾಕಿಕೊಂಡು ಆಡು ಎಂದರು. ಇನ್ನೊಬ್ಬರು ಕಬ್ಬಿಣದ ಮಂಚ ತೆಗಿ ಎಂದರು. ಬೆಂಗಳೂರಿನಿಂದ ಫೋನಿನಲ್ಲಿ, "ಪವರ್ ಸಪ್ಲೈ ಡಿಫೆಕ್ಟಿವ್, ರಿಟರ್ನ್ ಮಾಡು" ಎಂಬ ತೀರ್ಪೂ ಬಂದಿತ್ತು.

ರಿವೈಂಡಿಂಗ್‌ನವರು ಡಬ್ಬಿಯನ್ನು ನೋಡಲೇ ಇಲ್ಲ, ಗೋಡೆಯ ಪ್ಲಗ್ಗನ್ನು ನೋಡಿದರು. ಜೇಬಿನಿಂದ ಟೆಸ್ಟ್ ಲ್ಯಾಂಪ್ ತೆಗೆದು ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದರು, ಬಲ್ಬು ಹತ್ತಿತು. ಫೇಸಿಗೂ ಮೇಲಿನ ದೊಡ್ಡ ತೂತಿಗೂ ಹಿಡಿದರು, ಹತ್ತಲಿಲ್ಲ. ಪ್ಲಗ್ಗಿನ ಎರಡು ಸ್ಕ್ರೂ ಬಿಚ್ಚಿ ತೋರಿಸಿದರು. "ಅರ್ಥಿಂಗ್ ಇಲ್ಲ ತಮ್ಮಾ. ಮೂರನೇ ತೂತು ಬರೀ ಶೋಕಿಗೆ ಐತಿ. ಹಿಂದ ವೈರೇ ಇಲ್ಲ."

ಪವರ್ ಸಪ್ಲೈಯೊಳಗೆ ವಿದ್ಯುತ್ತಿನ ಗದ್ದಲ ಸೋಸಲು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಫೇಸಿನಿಂದ ಒಂದು, ನ್ಯೂಟ್ರಲ್ಲಿನಿಂದ ಒಂದು, ಎರಡೂ ತಗಡಿನ ಕವಚಕ್ಕೆ ಸೇರುತ್ತವೆ. ಅರ್ಥಿಂಗ್ ಇದ್ದರೆ ಅಲ್ಲಿಂದ ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ಕವಚದ ಮೇಲೆ 230ರ ಅರ್ಧ, ಅಂದರೆ 115 ವೋಲ್ಟಿನ ಆಸುಪಾಸು ನಿಲ್ಲುತ್ತದೆ. ಕರೆಂಟು ಬಹಳ ಸಣ್ಣದು, ಜುಂ ಎನ್ನುತ್ತದೆ, ಕೊಲ್ಲುವುದಿಲ್ಲ. ಆದರೆ ಒಳಗೆ ನಿಜವಾಗಿಯೇ ವೈರ್ ಸಡಿಲವಾಗಿ ತಗಡಿಗೆ ತಾಗಿದ ದಿನ ಕೊಲ್ಲುತ್ತದೆ. ಹೊಸ ಪವರ್ ಸಪ್ಲೈ ತಂದರೂ ಅದೇ ಜುಂ. ದೋಷ ಡಬ್ಬಿಯದಲ್ಲ, ಮನೆಯದು. ಅದೇ ಪ್ಲಗ್ಗಿನಲ್ಲಿ ವರ್ಷಗಟ್ಟಲೆ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಎಲ್ಲ ಓಡಿದ್ದವು. ಮೂರನೇ ತೂತಿನ ಹಿಂದೆ ಏನಿದೆ ಎಂದು ಮೊದಲ ಸಲ ಗೊತ್ತಾದದ್ದು, ಎಲ್ಲರೂ ಹಾಳುಗೆಡವುವ ವಸ್ತು ಎಂದ ಗೇಮಿಂಗ್ ಕಂಪ್ಯೂಟರಿನಿಂದ.

ಹೋಗುವ ಮುಂಚೆ ಆತ ಪವರ್ ಸಪ್ಲೈಯ ಲೇಬಲ್ಲನ್ನೂ ಓದಿದರು. "100ರಿಂದ 240 ಐತಿ, ಪಾಡ ಆತು. ತ್ರೀ ಫೇಸ್ ಬಿಟ್ಟಾಗ ಸುತ್ತಲಿನ ಪಂಪ್ ಎಲ್ಲಾ ಒಮ್ಮೆಗೇ ಎದ್ದು ವೋಲ್ಟೇಜ್ ಕುಸಿತೈತಿ. 200ರಿಂದ ಶುರು ಅನ್ನೋದು ತಂದಿದ್ರ ಆಟದ ನಡುವ ಆರಿ ಹೋಗ್ತಿತ್ತು." ಹಿತ್ತಿಲಲ್ಲಿ ಗುಂಡಿ ತೋಡಿ ಎಂಟು ಅಡಿಯ ಜಿ.ಐ. ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು ಎಂದು ಹೇಳಿ, ಮೋಟಾರಿನ ದುಡ್ಡು ತೆಗೆದುಕೊಂಡು ಹೋದರು. ಸಲಹೆಗೆ ಬೇರೆ ದುಡ್ಡು ಕೇಳಲಿಲ್ಲ. ಕಂಪ್ಯೂಟರಿಗೆ ಎಷ್ಟಾಯಿತು ಎಂದೂ ಕೇಳಲಿಲ್ಲ. ಹಾಗೆ ಕೇಳದೆ ನಮ್ಮ ಮನೆಯಿಂದ ಹೊರಬಿದ್ದವರು ಅವರೊಬ್ಬರೇ.

ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ನಮ್ಮದು, 2012ರಲ್ಲಿ. ಈಗ 2024ರಿಂದ 2029ರವರೆಗಿನ ಹೊಸ ನೀತಿಯೂ ಇದೆ. ಬೆಂಗಳೂರಿನಾಚೆಗೂ ಉದ್ಯಮ ಹಬ್ಬಬೇಕೆಂಬ ಮಾತು ವೇದಿಕೆಗಳಲ್ಲಿ ಆಗಾಗ ಕೇಳುತ್ತದೆ. ಹಬ್ಬಲಿ, ಬೇಡವೆನ್ನುವವರು ಯಾರು? ಹಡಗಲಿಯಲ್ಲಿ ಅದು ಅರ್ಥಿಂಗ್ ಗುಂಡಿಯವರೆಗೆ ಬಂದು ತಲುಪಿದೆ. ಅದನ್ನೂ ತೋಡಿದ್ದು ಅಣ್ಣ, ಮಲ್ಲಿಗೆ ಗಿಡದ ಪಾತಿ ಮಾಡುವ ಅದೇ ಸಲಿಕೆಯಲ್ಲಿ.

ಜುಂ ನಿಂತಿತು. ಅಭಿಪ್ರಾಯ ನಿಂತಿಲ್ಲ. ಗುಂಡಿ ಈಶಾನ್ಯದಲ್ಲಿ ಬಿದ್ದದ್ದು ಸರಿಯೋ ತಪ್ಪೋ ಎಂಬುದರ ಮೇಲೆ ಎರಡು ಪಂಗಡಗಳಾಗಿವೆ.

ಇಷ್ಟರಲ್ಲಿ ಒಂದು ನಿಜವಾದ ಕೊರತೆಯ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಹುಡುಗನದು ಒಂದೇ ರ‍್ಯಾಮ್ ಕಡ್ಡಿ. ಎರಡು ಕಡ್ಡಿ ಜೋಡಿಯಾಗಿ ಹಾಕಿದರೆ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ದಾರಿ ಎರಡು ಪಟ್ಟಾಗುತ್ತದೆ, ಆಟ ಅಲ್ಲಲ್ಲಿ ತಡವರಿಸುವುದು ಕಡಿಮೆಯಾಗುತ್ತದೆ. ಇನ್ನೊಂದನ್ನು ಮುಂದಿನ ಮಲ್ಲಿಗೆ ಸುಗ್ಗಿಗೆ ತಂದರಾಯಿತು ಎಂದುಕೊಂಡಿದ್ದ. ಅಷ್ಟರಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನೆಲ್ಲ ನುಂಗತೊಡಗಿ, 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಎರಡು ಪಟ್ಟನ್ನೂ ಮೀರಿ ಹೋಯಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಜನಸಾಮಾನ್ಯರಿಗೆ ಕ್ರೂಶಿಯಲ್ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಮನುಷ್ಯರ ಪ್ರಶ್ನೆಗೆಲ್ಲ ಅಭಿಪ್ರಾಯ ಹೇಳುವ ಯಂತ್ರ ಸಾಕಲು, ಹಡಗಲಿಯ ಹುಡುಗ ತನ್ನ ಎರಡನೇ ಕಡ್ಡಿ ಬಿಟ್ಟುಕೊಡಬೇಕಾಗಿದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಡಿಡಿಆರ್ 4, 3200ರ 8 ಜಿಬಿ ಕಡ್ಡಿ ಕೆಲಸವಿಲ್ಲದೆ ಕೂತಿದ್ದರೆ, ಹೂವಿನಹಡಗಲಿಯಲ್ಲಿ ಕೊಳ್ಳುವವರಿದ್ದಾರೆ. ಬೆಲೆ ಹೇಳಿ. ಬೆಲೆಯಷ್ಟೇ ಹೇಳಿ.